ಎಮೋ ಅಂದ್ರೆ ಯಾರು? ಹೇಳೋರು ಯಾರು?

ರಾಕ್ ಕೇಳೋರ ಗುಂಪಲ್ಲಿ ಜಗಳ ಹಚ್ಚೋದು ಬಹಳ ಸುಲಭ. ನಾಲ್ಕು ಜನ ಕೂತಿದ್ದಾಗ "ಮೈ ಕೆಮಿಕಲ್ ರೊಮ್ಯಾನ್ಸ್ ನನ್ನ ಫೇವರಿಟ್ ಎಮೋ ಬ್ಯಾಂಡ್" ಅಂತ ಒಂದು ಮಾತು ಬಿಟ್ಟು, ಏನೂ ಗೊತ್ತಿಲ್ಲದವರ ಹಾಗೆ ಕಾಫಿ ಕುಡೀತಾ ಕೂತ್ಕೊಳ್ಳಿ. ಐದು ನಿಮಿಷದೊಳಗೆ ಒಬ್ಬ "ಅದು ಎಮೋನೇ ಅಲ್ಲ" ಅಂತಾನೆ. ಇನ್ನೊಬ್ಬಳು "ಅದಲ್ದೆ ಇನ್ಯಾವ್ದಪ್ಪಾ ಎಮೋ? ಊರಿಗೆಲ್ಲ ಗೊತ್ತಿರೋದು ಅದೇ" ಅಂತಾಳೆ. ಮೂರನೆಯವನು ಗಂಟಲು ಸರಿಮಾಡ್ಕೊಂಡು, ಲೇಬಲ್ಲುಗಳೆಲ್ಲ ಬರೀ ಬೊಗಳೆ, ಇರೋದು ಎರಡೇ ಜಾತಿ, ಒಳ್ಳೆ ಸಂಗೀತ ಮತ್ತೆ ಕೆಟ್ಟ ಸಂಗೀತ ಅಂತ ಪಂಚಾಯ್ತಿ ಕಟ್ಟೆ ಹಿರಿಯರ ಥರ ತೀರ್ಪು ಕೊಡ್ತಾನೆ.

ಕೇಳೋಕೆ ಕೆಲಸ ಇಲ್ಲದವರ ಹರಟೆ ಅನ್ನಿಸುತ್ತೆ. ಆದರೆ ಈ ಮೂವರೂ ತಮಗೆ ಗೊತ್ತಿಲ್ಲದೇ ಒಂದು ಹಳೇ ಪ್ರಶ್ನೆಗೆ ಕೈ ಹಾಕಿದ್ದಾರೆ. ಒಂದು ವಸ್ತುವಿಗೆ, ಒಬ್ಬ ಮನುಷ್ಯನಿಗೆ ಹೆಸರಿಡೋ ಹಕ್ಕು ಯಾರಿಗಿದೆ? ಇಟ್ಟ ಹೆಸರು ಸರೀನಾ ತಪ್ಪಾ ಅಂತ ನೋಡೋದು ಹೇಗೆ? ಎಮೋ ಅನ್ನೋ ಮೂರಕ್ಷರದ ಇಂಗ್ಲಿಷ್ ಪದದ ವಿಷಯದಲ್ಲಿ ಈ ಪ್ರಶ್ನೆ ಹರಟೆಯಾಗಿ ಶುರುವಾಗಿ ಹೆಣ ಬೀಳೋ ತನಕ ಹೋಗಿದೆ. ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯವನ ವಾದದಿಂದ ಶುರು ಮಾಡೋಣ. ಅವನ ಪ್ರಕಾರ ಎಮೋಗೆ ಒಂದು ಊರಿದೆ, ಒಂದು ಇಸವಿ ಇದೆ. ಊರು ವಾಷಿಂಗ್ಟನ್ ಡಿ.ಸಿ., ಇಸವಿ 1985. ಅಷ್ಟೊತ್ತಿಗೆ ಆ ಊರಿನ ಹಾರ್ಡ್‌ಕೋರ್ ಪಂಕ್ ಕೈತಪ್ಪಿ ಹೋಗಿತ್ತು. ಶೋಗಳು ಅಂದ್ರೆ ಹೊಡೆದಾಟ, ಬಡಿದಾಟ, ಗಂಡಸುತನದ ಪ್ರದರ್ಶನ. ಇದು ಬೇಸರ ಬಂದು ಡಿಸ್ಕಾರ್ಡ್ ಅನ್ನೋ ಪುಟ್ಟ ರೆಕಾರ್ಡ್ ಕಂಪನಿ ಸುತ್ತಮುತ್ತಲಿನ ಹುಡುಗ ಹುಡುಗಿಯರು ಆ ವರ್ಷದ ಬೇಸಿಗೆಗೆ "ರೆವಲ್ಯೂಷನ್ ಸಮ್ಮರ್" ಅಂತ ಹೆಸರಿಟ್ಟು, ಹೊಸದಾಗಿ ಬ್ಯಾಂಡ್ ಕಟ್ಟಿದರು. ವರ್ಣಭೇದದ ವಿರುದ್ಧ ದಕ್ಷಿಣ ಆಫ್ರಿಕಾದ ರಾಯಭಾರ ಕಚೇರಿ ಎದುರು ಡ್ರಮ್ಮು, ಬಕೆಟ್ಟು ಬಡಿದು ಪ್ರತಿಭಟನೆ ಮಾಡಿದವರೂ ಇವರೇ. ಇವರಲ್ಲಿ ರೈಟ್ಸ್ ಆಫ್ ಸ್ಪ್ರಿಂಗ್ ಅನ್ನೋ ಬ್ಯಾಂಡ್ ಹಾರ್ಡ್‌ಕೋರ್‌ನ ವೇಗ, ಗದ್ದಲ ಎಲ್ಲ ಹಾಗೇ ಇಟ್ಟುಕೊಂಡು ಹಾಡಿನ ವಿಷಯ ಬದಲಾಯಿಸಿತು. ಸರ್ಕಾರವನ್ನ ಬೈಯೋ ಬದಲು ಕಳಕೊಂಡದ್ದರ ಬಗ್ಗೆ, ನೆನಪಿನ ಬಗ್ಗೆ, ಪಶ್ಚಾತ್ತಾಪದ ಬಗ್ಗೆ ಗಂಟಲು ಹರಿಯೋ ಹಾಗೆ ಕೂಗಿದರು. ಮೈನರ್ ಥ್ರೆಟ್ ಬ್ಯಾಂಡಿನ ಇಯಾನ್ ಮೆಕೈ ಇದೇ ಹೊತ್ತಿಗೆ ಎಂಬ್ರೇಸ್ ಅನ್ನೋ ಬ್ಯಾಂಡ್ ಕಟ್ಟಿದ.

ಇದಕ್ಕೆ ಯಾರೋ "ಎಮೋಷನಲ್ ಹಾರ್ಡ್‌ಕೋರ್" ಅಂದರು. ಅದು "ಎಮೋಕೋರ್" ಆಯ್ತು. ಆಮೇಲೆ ಬಾಲ ಉದುರಿ "ಎಮೋ" ಉಳೀತು. ಮೊದಲನೆಯವನು ಹೇಳೋದು ಇಷ್ಟೇ: ಹೆಸರು ಹುಟ್ಟಿದ್ದು ಈ ಸಂಗೀತಕ್ಕೆ, ಹಾಗಾಗಿ ಈ ಸಂಗೀತವೇ ಎಮೋ, ಮಿಕ್ಕಿದ್ದೆಲ್ಲ ನಕಲಿ.

ವಾದ ಗಟ್ಟಿಯಾಗಿ ಕಾಣುತ್ತೆ. ಆದರೆ ಅದರ ಬುಡದಲ್ಲೇ ಒಂದು ತೂತಿದೆ. ಯಾರಿಗೆ ಆ ಹೆಸರಿಟ್ಟರೋ ಅವರೇ ಅದನ್ನ ಒಪ್ಪಲಿಲ್ಲ. ಮೆಕೈ 1986ರಲ್ಲಿ ವೇದಿಕೆ ಮೇಲಿಂದಲೇ ಎಮೋಕೋರ್ ಅನ್ನೋ ಪದವನ್ನ ಹಿಗ್ಗಾಮುಗ್ಗಾ ಬೈದ, ಇದಕ್ಕಿಂತ ಪೆದ್ದು ಮಾತು ತಾನು ಕೇಳಿಯೇ ಇಲ್ಲ ಅನ್ನೋ ಅರ್ಥದಲ್ಲಿ. ರೈಟ್ಸ್ ಆಫ್ ಸ್ಪ್ರಿಂಗ್‌ನಲ್ಲಿ ಹಾಡ್ತಿದ್ದ ಗೀ ಪಿಚಿಯಾಟೊ ಎತ್ತಿದ ತಕರಾರು ಇನ್ನೂ ಸೊಗಸಾಗಿದೆ. ನಮ್ಮದು ಭಾವನೆಯ ಸಂಗೀತ ಅಂದ್ರೆ ನಮಗಿಂತ ಮುಂಚೆ ಇದ್ದ ಬ್ಯಾಡ್ ಬ್ರೇನ್ಸ್ ಏನು ರೋಬೋಗಳಾ, ಅವರಿಗೇನು ಭಾವನೆ ಇರಲಿಲ್ವಾ ಅನ್ನೋದು ಅವನ ಪ್ರಶ್ನೆ.

ಈ ಪ್ರಶ್ನೆ ಸಣ್ಣದಲ್ಲ. ಭಾವನೆ ಇಲ್ಲದ ಸಂಗೀತ ಎಲ್ಲಿದೆ ಹೇಳಿ? "ಭಾವನಾತ್ಮಕ ರಾಕ್" ಅನ್ನೋದು "ನೀರಿರೋ ನದಿ" ಅಂದ ಹಾಗೆ. ಅಂದ್ರೆ ಎಮೋ ಅನ್ನೋ ಪದ ಅದರ ಅರ್ಥದ ಬಲದಿಂದ ಕೆಲಸ ಮಾಡ್ತಿಲ್ಲ. ಅದು ಕೆಲಸ ಮಾಡೋದು ಪಕ್ಕದ ಇನ್ನೊಂದರಿಂದ ಇದನ್ನ ಬೇರೆ ಮಾಡಿ ತೋರಿಸೋದ್ರಲ್ಲಿ. 1985ರಲ್ಲಿ ಪಕ್ಕದಲ್ಲಿದ್ದದ್ದು ಮುಷ್ಟಿ ಬಿಗಿ ಮಾಡ್ಕೊಂಡ ಹಾರ್ಡ್‌ಕೋರ್. ಪಕ್ಕದಲ್ಲಿರೋದು ಬದಲಾದ್ರೆ ಪದದ ಕೆಲಸವೂ ಬದಲಾಗಲೇಬೇಕು.

ಬದಲಾಯ್ತು ಕೂಡ. 1994ರಲ್ಲಿ ಸಿಯಾಟಲ್‌ನ ಸನ್ನಿ ಡೇ ರಿಯಲ್ ಎಸ್ಟೇಟ್ ಬ್ಯಾಂಡಿನ "ಡೈರಿ" ಬಂತು. 1999ರಲ್ಲಿ ಇಲಿನಾಯ್ ರಾಜ್ಯದಿಂದ ಅಮೆರಿಕನ್ ಫುಟ್‌ಬಾಲ್ ಅನ್ನೋ ಬ್ಯಾಂಡಿನ ಆಲ್ಬಮ್ ಬಂತು. ಅದರಲ್ಲಿ ಕೂಗಾಟ ಇಲ್ಲ, ಬೆರಳಲ್ಲಿ ಬಿಡಿಬಿಡಿಯಾಗಿ ನುಡಿಸೋ ಗಿಟಾರ್, ನಡುನಡುವೆ ಒಂದು ಟ್ರಂಪೆಟ್. 2002ರಲ್ಲಿ ಜಿಮ್ಮಿ ಈಟ್ ವರ್ಲ್ಡ್ ರೇಡಿಯೋ ಹಿಟ್ ಆಯ್ತು. 2006ರಲ್ಲಿ ಮೈ ಕೆಮಿಕಲ್ ರೊಮ್ಯಾನ್ಸ್‌ನ "ದ ಬ್ಲ್ಯಾಕ್ ಪರೇಡ್" ಬಂದಾಗ ಅದು ಬ್ಯಾಂಡಿನ ಸಮವಸ್ತ್ರ, ಮೆರವಣಿಗೆ, ಸಾವಿನ ಕಥೆ ಎಲ್ಲ ಇರೋ ಒಂದು ನಾಟಕವೇ ಆಗಿತ್ತು. ಇಷ್ಟಕ್ಕೂ ಒಂದೇ ಹೆಸರು. ಒಂದನ್ನ ಕೇಳಿ ಇನ್ನೊಂದನ್ನ ಊಹಿಸೋಕೆ ಸಾಧ್ಯವೇ ಇಲ್ಲ.

ಇಲ್ಲಿ ಎರಡನೆಯವಳ ವಾದ ಬರುತ್ತೆ. ಪದದ ಅರ್ಥ ಅಂದ್ರೆ ಜನ ಅದನ್ನ ಬಳಸೋ ರೀತಿ, ಹುಟ್ಟಿದೂರಿನ ಸರ್ಟಿಫಿಕೇಟ್ ಯಾಕೆ ಬೇಕು ಅಂತ ಅವಳು ಕೇಳ್ತಾಳೆ. ತತ್ವಶಾಸ್ತ್ರಜ್ಞ ವಿಟ್ಗೆನ್‌ಸ್ಟೈನ್ ಅವಳ ಪಕ್ಷ. ಆಟ ಅಂತ ನಾವು ಕರೆಯೋ ಎಲ್ಲದರಲ್ಲೂ ಇರೋ ಒಂದು ಸಮಾನ ಗುಣ ಹುಡುಕಬೇಡಿ, ಸಿಗಲ್ಲ ಅಂದವನು ಅವನು. ಒಂದು ಮನೆಯವರ ಗ್ರೂಪ್ ಫೋಟೋ ನೋಡಿ: ಅಜ್ಜಿಯ ಮೂಗು ಮಗನಿಗೆ ಬಂದಿರುತ್ತೆ, ಮಗನ ಗದ್ದ ಮೊಮ್ಮಗಳಿಗೆ. ಎಲ್ಲರಲ್ಲೂ ಇರೋ ಲಕ್ಷಣ ಒಂದೂ ಇಲ್ಲ, ಆದ್ರೂ ಒಂದೇ ಮನೆಯವರು ಅಂತ ಗೊತ್ತಾಗುತ್ತೆ.

ಉದಾಹರಣೆ ಚೆನ್ನಾಗಿದೆ, ಆದರೆ ಹೋಲಿಕೆ ಒಂದನ್ನೇ ನಂಬಿದ್ರೆ ಎಲ್ಲಿ ನಿಲ್ಲಿಸೋದು ಅಂತ ಗೊತ್ತಾಗಲ್ಲ. ಹುಡುಕ್ತಾ ಹೋದ್ರೆ ಯಾರ ಮೂಗು ಯಾರ ಮೂಗಿಗಾದ್ರೂ ಹೋಲುತ್ತೆ. ಒಂದು ಮನೆಯವರನ್ನ ಒಂದು ಮನೆಯವರನ್ನಾಗಿ ಮಾಡೋದು ಮೂಗಲ್ಲ, ಯಾರು ಯಾರನ್ನ ಸಾಕಿದರು ಅನ್ನೋದು. ಸಂಗೀತದಲ್ಲೂ ಅಷ್ಟೇ. ಮೈ ಕೆಮಿಕಲ್ ರೊಮ್ಯಾನ್ಸ್‌ನ 2002ರ ಮೊದಲ ಆಲ್ಬಮ್ಮನ್ನ ಪ್ರೊಡ್ಯೂಸ್ ಮಾಡಿದವನು ಥರ್ಸ್‌ಡೇ ಬ್ಯಾಂಡಿನ ಜೆಫ್ ರಿಕ್ಲಿ. ಆ ಥರ್ಸ್‌ಡೇ ಹಾರ್ಡ್‌ಕೋರ್ ಹಾದಿಯಿಂದಲೇ ಬಂದ ಬ್ಯಾಂಡ್. ಹಾಗಾಗಿ 1985ರ ವಾಷಿಂಗ್ಟನ್ನಿಂದ 2006ರ ನಾಟಕಕ್ಕೆ ಕಾಲುದಾರಿಯಂತೂ ಇದೆ, ಸಣ್ಣದಿರಬಹುದು. ಇನ್ನೊಂದು ಕಡೆ, "ಡೈರಿ"ಯಲ್ಲಿ ಬಾಸ್ ನುಡಿಸಿದ ನೇಟ್ ಮೆಂಡೆಲ್, ಡ್ರಮ್ಸ್ ಬಾರಿಸಿದ ವಿಲಿಯಂ ಗೋಲ್ಡ್‌ಸ್ಮಿತ್ ಇಬ್ಬರೂ 1995ರಲ್ಲಿ ಫೂ ಫೈಟರ್ಸ್‌ಗೆ ಹೋದರು. ಫೂ ಫೈಟರ್ಸನ್ನ ಎಮೋ ಅಂತ ಕರೆಯೋರು ಯಾರೂ ಇಲ್ಲ. ಕೈ ಅದೇ, ಲೇಬಲ್ ಬೇರೆ.

ಸರಿ, ಹಾಗಾದ್ರೆ ಹೆಸರು ಹೊತ್ತವರನ್ನೇ ಕೇಳಿಬಿಡೋಣ ಅಂದ್ರೆ ಅದೂ ಆಗಲ್ಲ. ಮೆಕೈ ಒಪ್ಪಲಿಲ್ಲ, ಪಿಚಿಯಾಟೊ ಒಪ್ಪಲಿಲ್ಲ. ಮೈ ಕೆಮಿಕಲ್ ರೊಮ್ಯಾನ್ಸ್‌ನ ಜೆರಾರ್ಡ್ ವೇ ಕೂಡ ತಾವು ಎಮೋ ಅಲ್ಲವೇ ಅಲ್ಲ ಅಂತ 2007ರಲ್ಲಿ ಕೆಟ್ಟ ಮಾತಲ್ಲೇ ಹೇಳಿದ. ಬ್ಯಾಂಡಿನವರ ಮಾತೇ ಕೊನೆ ಅನ್ನೋದಾದ್ರೆ ಭೂಮಿ ಮೇಲೆ ಎಮೋ ಬ್ಯಾಂಡೇ ಉಳಿಯೋದು ಕಷ್ಟ! ಹುಟ್ಟಿಸಿದವರ ಮಾತು ನಡೆಯಲ್ಲ, ಬಳಸೋರ ಮಾತು ಸಾಕಾಗಲ್ಲ, ಹೊತ್ತವರ ಮಾತು ಯಾರೂ ಕೇಳಲ್ಲ. ಮೂರನೆಯವನು ಈಗ ಮೀಸೆ ತಿರುವ್ತಾನೆ: "ನಾನು ಮೊದಲೇ ಹೇಳ್ಲಿಲ್ವಾ? ಲೇಬಲ್ ಕಿತ್ತೆಸೀರಿ."

ಅವನಿಗೆ ಪುರಾವೆಯೂ ಸಾಕಷ್ಟಿದೆ. ಲೇಬಲ್ ಅನ್ನೋದು ಬಹಳ ಸಲ ಅಂಗಡಿಯವನ ಅನುಕೂಲಕ್ಕೆ ಹುಟ್ಟಿದ್ದು. 1992ರಲ್ಲಿ ಗ್ರಂಜ್ ಗಿರಾಕಿ ಜೋರಾಗಿದ್ದಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಗ್ರಂಜ್ ಹುಡುಗರ ಭಾಷೆ ಯಾವುದು ಅಂತ ಸಿಯಾಟಲ್‌ಗೆ ಫೋನ್ ಮಾಡಿ ಕೇಳ್ತು. ಸಬ್ ಪಾಪ್ ರೆಕಾರ್ಡ್ ಕಂಪನಿಯಲ್ಲಿ ಕೆಲಸ ಮಾಡಿದ್ದ ಮೇಗನ್ ಜ್ಯಾಸ್ಪರ್ ಬಾಯಿಗೆ ಬಂದ ಪದಗಳನ್ನ ಅಲ್ಲೇ ಕಟ್ಟಿ ಹೇಳಿದಳು. ಪತ್ರಿಕೆ ಅದನ್ನ ಗ್ರಂಜ್ ನಿಘಂಟು ಅಂತ ಅಚ್ಚು ಹಾಕಿಬಿಡ್ತು. ಇದು ನಗೋ ವಿಷಯ. ಮುಂದಿನದಲ್ಲ. 1920ರ ದಶಕದಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳು ಕಪ್ಪು ಜನರ ಸಂಗೀತವನ್ನ "ರೇಸ್ ರೆಕಾರ್ಡ್ಸ್" ಅಂತ, ದಕ್ಷಿಣದ ಬಿಳಿಯರ ಸಂಗೀತವನ್ನ "ಹಿಲ್‌ಬಿಲಿ" ಅಂತ ಬೇರೆ ಬೇರೆ ಕ್ಯಾಟಲಾಗಿನಲ್ಲಿ ಮಾರ್ತಿದ್ದವು. ಅದೇ ಊರಲ್ಲಿ ಇದ್ದುಕೊಂಡು, ಒಬ್ಬರಿಂದೊಬ್ಬರು ಕಲಿತು, ಎಷ್ಟೋ ಸಲ ಒಂದೇ ಹಾಡು ಹಾಡ್ತಿದ್ದ ಜನ. ವಿಂಗಡಣೆ ಮಾಡಿದ್ದು ಕಿವಿ ಅಲ್ಲ, ಚರ್ಮದ ಬಣ್ಣ. ಬಿಲ್‌ಬೋರ್ಡ್ ಪತ್ರಿಕೆ "ರೇಸ್ ರೆಕಾರ್ಡ್ಸ್" ಅನ್ನೋ ಪಟ್ಟಿಯ ಹೆಸರು ಬದಲಿಸಿ "ರಿದಮ್ ಆಂಡ್ ಬ್ಲೂಸ್" ಮಾಡಿದ್ದು 1949ರಲ್ಲಿ. ಹೆಸರು ಬದಲಾಯ್ತು, ಗೋಡೆ ಅಷ್ಟು ಬೇಗ ಬೀಳಲಿಲ್ಲ. 2019ರಲ್ಲಿ ಲಿಲ್ ನ್ಯಾಸ್ ಎಕ್ಸ್ ಅನ್ನೋ ಕಪ್ಪು ಹುಡುಗನ "ಓಲ್ಡ್ ಟೌನ್ ರೋಡ್" ಹಾಡನ್ನ ಅದೇ ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಿಂದ ತೆಗೆದುಹಾಕಿತು, ಅದರಲ್ಲಿ ಇವತ್ತಿನ ಕಂಟ್ರಿ ಸಂಗೀತದ ಅಂಶ ಸಾಕಷ್ಟಿಲ್ಲ ಅನ್ನೋದು ಕಾರಣ. ಹಾಡು ಮುಖ್ಯ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿ ಕೂತಿತ್ತು ಅನ್ನೋದು ಬೇರೆ ಮಾತು.

ಆದ್ರೂ ನಾನು ಮೂರನೆಯವನ ಜೊತೆ ಹೋಗಲ್ಲ. "ನಾನು ಎಲ್ಲಾ ಥರದ್ದೂ ಕೇಳ್ತೀನಿ" ಅನ್ನೋದು ಎಲ್ಲಾ ಥರದ್ದೂ ಈಗಾಗ್ಲೇ ಕೈಗೆ ಸಿಕ್ಕಿರೋರು ಆಡಬಹುದಾದ ಮಾತು. ಹದಿನೈದು ವರ್ಷದ ಒಂದು ಮಗು, ತನ್ನ ಮನೆಯಲ್ಲಿ ತನ್ನ ಸಂಕಟ ಯಾರಿಗೂ ಅರ್ಥ ಆಗ್ತಿಲ್ಲ ಅಂದ್ಕೊಂಡಿರೋ ಮಗು, ಹುಡುಕೋದಾದ್ರೂ ಏನಂತ ಹುಡುಕಬೇಕು? ಅದಕ್ಕೆ ಒಂದು ಪದ ಬೇಕು. ಪದ ಸಿಕ್ಕಿದ್ರೆ ಹಾಡು ಸಿಗುತ್ತೆ, ಹಾಡು ಸಿಕ್ಕಿದ್ರೆ ಅದೇ ಹಾಡು ಕೇಳೋ ಇನ್ನೊಬ್ಬರು ಸಿಗ್ತಾರೆ. 2008ರಲ್ಲಿ ಇಂಗ್ಲೆಂಡಿನ ಡೇಲಿ ಮೇಲ್ ಪತ್ರಿಕೆ ಎಮೋ ಅನ್ನೋದು ಸಾವನ್ನ ಪೂಜಿಸೋ ಪಂಥ ಅನ್ನೋ ಹಾಗೆ ಬರೆದಾಗ, ಮೈ ಕೆಮಿಕಲ್ ರೊಮ್ಯಾನ್ಸ್ ಅಭಿಮಾನಿಗಳು ಲಂಡನ್ನಿನಲ್ಲಿ ಆ ಪತ್ರಿಕೆ ಕಚೇರಿ ಎದುರೇ ಹೋಗಿ ನಿಂತರು. ಈ ಸಂಗೀತ ನಮ್ಮನ್ನ ಸಾಯಿಸ್ತಿಲ್ಲ, ಬದುಕಿಸ್ತಿದೆ ಅನ್ನೋದು ಅವರ ವಾದ. ಬೈಗುಳವಾಗಿ ಬಂದ ಪದವನ್ನ ಬಾವುಟ ಮಾಡ್ಕೊಳ್ಳೋದು ಹೊಸದೇನಲ್ಲ. ಪಂಕ್ ಮೊದಲು ಬೈಗುಳವೇ. 1874ರಲ್ಲಿ ಪ್ಯಾರಿಸ್ಸಿನ ವಿಮರ್ಶಕನೊಬ್ಬ ಮೋನೆಯ ಚಿತ್ರವನ್ನ ಗೇಲಿ ಮಾಡೋಕೆ ಬಳಸಿದ "ಇಂಪ್ರೆಷನಿಸ್ಟ್" ಅನ್ನೋ ಪದಕ್ಕೆ ಇವತ್ತು ಮ್ಯೂಸಿಯಂ ತುಂಬ ಗೌರವ.

ಹಾಗಾದ್ರೆ ಲೇಬಲ್ ಯಾವಾಗ ಒಳ್ಳೇದು, ಯಾವಾಗ ಕೆಟ್ಟದ್ದು? ಇದಕ್ಕೆ ಉತ್ತರ ಹುಡುಕೋಕೆ ಮೂವರೂ ಬಿಟ್ಟುಬಿಟ್ಟ ವಿಷಯಕ್ಕೆ ಬರಬೇಕು. ಅವರು ಮೂರೂ ಜನ ಮಾತಾಡಿದ್ದು ಹಾಡಿನ ಬಗ್ಗೆ. ಆದರೆ 2000ದ ದಶಕದ ನಡುವೆಲ್ಲೋ ಎಮೋ ಅನ್ನೋ ಪದ ಹಾಡಿನ ಮೇಲಿಂದ ಇಳಿದು ಮನುಷ್ಯರ ಮೈಮೇಲೆ ಹತ್ತಿಕೊಳ್ತು. ಕಣ್ಣು ಮುಚ್ಚೋ ಕೂದಲು, ಬಿಗಿ ಪ್ಯಾಂಟು, ಕಾಡಿಗೆ, ಕಪ್ಪು ಬಟ್ಟೆ. "ಇದು ಎಮೋ ಹಾಡು" ಅನ್ನೋದು "ಇವನು ಎಮೋ" ಆಯ್ತು.

ಹಾಡಿಗೂ ಮನುಷ್ಯನಿಗೂ ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಕೆನಡಾದ ತತ್ವಶಾಸ್ತ್ರಜ್ಞ ಇಯಾನ್ ಹ್ಯಾಕಿಂಗ್ ಇದನ್ನ ಚೆನ್ನಾಗಿ ಬಿಡಿಸಿಟ್ಟ. ಕಲ್ಲಿಗೆ ನೀವು ಏನು ಹೆಸರಿಟ್ಟರೂ ಕಲ್ಲಿಗೆ ಏನೂ ಆಗಲ್ಲ. ಮನುಷ್ಯನಿಗೆ ಒಂದು ಹೆಸರಿಟ್ಟರೆ ಅವನು ಅದನ್ನ ಕೇಳಿಸ್ಕೊಳ್ತಾನೆ, ಅದಕ್ಕೆ ತಕ್ಕ ಹಾಗೆ ಬದಲಾಗ್ತಾನೆ, ಅವನು ಬದಲಾದ ಮೇಲೆ ಹೆಸರಿನ ಅರ್ಥವೂ ಬದಲಾಗುತ್ತೆ. ಸುತ್ತಿ ಸುತ್ತಿ ಬರೋ ಚಕ್ರ ಅದು. ಆಫೀಸಲ್ಲಿ ಒಬ್ಬನಿಗೆ "ಇವನು ಟೀಮ್ ಪ್ಲೇಯರ್ ಅಲ್ಲ" ಅಂತ ಒಂದು ಸಲ ಹೆಸರು ಬಿದ್ದರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಮುಂದಿನ ಅಪ್ರೈಸಲ್ ಹೊತ್ತಿಗೆ ಅವನು ನಿಜವಾಗ್ಲೂ ಹಾಗೇ ಆಗಿರ್ತಾನೆ.

ಮನುಷ್ಯರ ಮೇಲೆ ಹತ್ತಿದ ಈ ಪದ ಎಲ್ಲಿಗೆ ಹೋಯ್ತು ನೋಡಿ. 2008ರ ಮಾರ್ಚ್‌ನಲ್ಲಿ ಮೆಕ್ಸಿಕೋದ ಕೆರೆತಾರೊ ಅನ್ನೋ ಊರಿನ ಚೌಕದಲ್ಲಿ ನೂರಾರು ಯುವಕರು ಸೇರಿ ಎಮೋ ಹುಡುಗರನ್ನ ಹುಡುಕಿ ಹೊಡೆದರು. ಮೆಕ್ಸಿಕೋ ಸಿಟಿಗೂ ಅದು ಹರಡಿತು. ಹೊಡೆದದ್ದಕ್ಕೆ ಕಾರಣ ಏನು? ಇವರು ಹೆಣ್ಣಿಗರ ಥರ ಇದ್ದಾರೆ ಅನ್ನೋ ದ್ವೇಷ ಒಂದು. ಇನ್ನೊಂದು ದೂರು ಕೇಳಿ: ಇವರು ಪಂಕ್, ಗಾಥ್ ಜನರ ಸ್ಟೈಲ್ ಕದ್ದಿದ್ದಾರೆ, ಇವರದ್ದು ಅಂತ ಸ್ವಂತದ್ದೇನೂ ಇಲ್ಲ. ಅಂದ್ರೆ ನಮ್ಮ ಮೊದಲನೆಯವನ "ಇದು ಅಸಲಿ ಅಲ್ಲ" ಅನ್ನೋ ವಾದವೇ, ಮುಷ್ಟಿ ಕಟ್ಟಿಕೊಂಡು ಬಂದಿತ್ತು. ಅದೇ ವರ್ಷ ರಷ್ಯಾದಲ್ಲಿ ಶಾಲೆಗಳಲ್ಲಿ ಎಮೋ ವೇಷ ನಿಷೇಧಿಸಬೇಕು ಅನ್ನೋ ಪ್ರಸ್ತಾಪ ಸಂಸತ್ತಿನ ತನಕ ಹೋಯ್ತು.

2012ರಲ್ಲಿ ಇರಾಕ್. ಅಲ್ಲಿನ ಗೃಹ ಸಚಿವಾಲಯ ಎಮೋ ಅನ್ನೋದು ಸೈತಾನನ ಪೂಜೆ ಅನ್ನೋ ಅರ್ಥದ ಹೇಳಿಕೆ ಹೊರಡಿಸಿತು. ಕೆಲವೇ ವಾರದಲ್ಲಿ ಬಾಗ್ದಾದಿನ ಬೀದಿಗಳಲ್ಲಿ ಹೆಸರು ಬರೆದ ಬೆದರಿಕೆ ಪಟ್ಟಿಗಳು ಕಾಣಿಸ್ಕೊಂಡವು. ಉದ್ದ ಕೂದಲು, ಬಿಗಿ ಬಟ್ಟೆ ಹಾಕ್ತಿದ್ದ ಹುಡುಗರು, ಸಲಿಂಗಕಾಮಿಗಳು ಅಂತ ಜನ ಅಂದ್ಕೊಂಡಿದ್ದವರು ಕೊಲೆಯಾದರು, ಕೆಲವರನ್ನ ಕಾಂಕ್ರೀಟ್ ಇಟ್ಟಿಗೆಯಿಂದ ತಲೆ ಜಜ್ಜಿ ಕೊಂದರು ಅನ್ನೋ ವರದಿಗಳು ಬಂದವು. ಸತ್ತವರ ಲೆಕ್ಕ ಒಬ್ಬೊಬ್ಬರು ಒಂದೊಂದು ಕೊಟ್ಟರು. ಸಚಿವಾಲಯ ಎಲ್ಲ ಸುಳ್ಳು ಅಂತು. ಮಾನವ ಹಕ್ಕು ಸಂಘಟನೆಗಳು ತನಿಖೆ ಮಾಡಿ ಅಂತ ಕೂಗಿದವು.

ಎಮೋ ಅಂದ್ರೆ ಯಾರು ಅನ್ನೋ ಪ್ರಶ್ನೆಗೆ ಆ ಬೀದಿಯಲ್ಲಿ ಉತ್ತರ ಸಿಕ್ಕಿತ್ತು, ಕಡ್ಡಿ ಮುರಿದ ಹಾಗೆ. ಆ ಹುಡುಗರಲ್ಲಿ ಎಷ್ಟು ಜನ ಆ ಸಂಗೀತ ಕೇಳಿದ್ರೋ ಇಲ್ವೋ, ಕೊಲ್ಲೋಕೆ ಬಂದವರು ಪ್ಲೇಲಿಸ್ಟ್ ಕೇಳಲ್ಲ. "ಸ್ವಾಮೀ, ನಿಜವಾದ ಎಮೋ 1985ರ ವಾಷಿಂಗ್ಟನ್ನಿನದು" ಅಂತ ಹೇಳಿದ್ರೆ ಯಾರೂ ಬಿಡ್ತಿರಲಿಲ್ಲ. "ನಾನು ಎಮೋ ಅಲ್ಲ" ಅಂದ್ರೂ ಬಿಡ್ತಿರಲಿಲ್ಲ. ಮೆಕೈ ಬೇಡ ಅಂದಾಗ ಅವನಿಗೆ ಆದ ನಷ್ಟ ಏನು? ಪತ್ರಿಕೆಗಳು ಅವನ ಮಾತು ಕೇಳದೇ ಬರೆದವು, ಅಷ್ಟೇ.

ಹಾಗಾಗಿ ನನಗೆ ತೋಚೋ ಅಳತೆಗೋಲು ಎರಡು. ಒಂದು, ಈ ಹೆಸರು ದಾರಿ ತೋರಿಸುತ್ತಾ, ತೀರ್ಪು ಕೊಡುತ್ತಾ? "ನಿನಗೆ ಇದು ಇಷ್ಟ ಆದ್ರೆ ಅದನ್ನೂ ಕೇಳಿ ನೋಡು" ಅನ್ನೋ ಲೇಬಲ್ ದಾರಿ. ಅದು ಸ್ವಲ್ಪ ಆಚೀಚೆ ಇದ್ರೂ ಪರವಾಗಿಲ್ಲ, ದಾರಿ ತಪ್ಪಿದ್ರೆ ಒಂದು ಒಳ್ಳೆ ಹಾಡು ಜಾಸ್ತಿ ಸಿಗುತ್ತೆ. "ಇದು ಇಂಥದ್ದು, ಮಾತು ಮುಗೀತು" ಅನ್ನೋದು ತೀರ್ಪು. ಎರಡು, ಹೆಸರು ಹೊತ್ತವರಿಗೆ ಅದನ್ನ ಇಳಿಸಿಡೋ ಅವಕಾಶ ಇದ್ಯಾ? ಇಳಿಸೋಕೆ ಆಗದ ಹೆಸರನ್ನ ಒಬ್ಬರ ಮೇಲೆ ಹೊರಿಸೋ ಮುಂಚೆ ಬಹಳ ಯೋಚನೆ ಮಾಡಬೇಕು. ಬೀಳೋ ಪೆಟ್ಟು ದೊಡ್ಡದಾದಷ್ಟೂ ಹೆಸರಿಡೋ ಬಾಯಿ ನಿಧಾನ ಆಗಬೇಕು. ಹಾಡಿಗೆ ನೋವಾಗಲ್ಲ, ಅದಕ್ಕೆ ಏನು ಬೇಕಾದ್ರೂ ಕರೀರಿ.

ಹಾಗಂತ ಮೊದಲನೆಯವನನ್ನ ಪೂರ್ತಿ ಬಿಟ್ಟುಕೊಡೋಕೂ ನನಗೆ ಮನಸ್ಸಿಲ್ಲ. ಅವನ ಸಿಟ್ಟಿನ ಒಳಗೊಂದು ನ್ಯಾಯ ಇದೆ. ಹೊಡೆದಾಟದ ನಡುವೆ ನಿಂತು, ಗಂಡು ಹುಡುಗರು ಅಳಬಹುದು ಅಂತ ಹಾಡಿ ತೋರಿಸಿದ ಆ ಬೇಸಿಗೆಯ ಕಥೆ ಮರೆತುಹೋಗಿ, ಎಮೋ ಅಂದ್ರೆ ಬರೀ ಹೇರ್‌ಸ್ಟೈಲ್ ಅಂತಾದ್ರೆ ಅದು ನಷ್ಟವೇ. ಆದರೆ ಕಥೆ ಹೇಳೋದು ಬೇರೆ, ಬಾಗಿಲಲ್ಲಿ ನಿಂತು ಐಡಿ ಕಾರ್ಡ್ ಕೇಳೋದು ಬೇರೆ. "ಓ, ಬ್ಲ್ಯಾಕ್ ಪರೇಡ್ ಇಷ್ಟನಾ? ಇದು ಎಲ್ಲಿಂದ ಬಂತು ಗೊತ್ತಾ, ಕೂತ್ಕೋ ಹೇಳ್ತೀನಿ" ಅಂದ್ರೆ ಅವನು ತನ್ನ ಪ್ರೀತಿಯ ಬ್ಯಾಂಡಿಗೆ ಒಬ್ಬ ಹೊಸ ಕೇಳುಗಳನ್ನ ತಂದುಕೊಟ್ಟ ಹಾಗಾಯ್ತು.

ಅಷ್ಟೇ ಅಲ್ಲ, ಅಸಲಿ ನಕಲಿ ಅಂತ ಜಗಳ ಆಡ್ತಾ ಕೂತ್ರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಕೈಬಿಟ್ಟು ಹೋಗ್ತವೆ. 2003ರಲ್ಲಿ ಜೆಸಿಕಾ ಹಾಪರ್ ಅನ್ನೋ ಲೇಖಕಿ ಪಂಕ್ ಪ್ಲಾನೆಟ್ ಪತ್ರಿಕೆಯಲ್ಲಿ ಎಮೋ ಹಾಡುಗಳಲ್ಲಿ ಹುಡುಗಿಯರು ಎಲ್ಲಿದ್ದಾರೆ ಅಂತ ಕೇಳಿದಳು. ಭಾವನೆ ಭಾವನೆ ಅಂತೀರಲ್ಲ, ಯಾರ ಭಾವನೆ? ಹಾಡೋನು ಹುಡುಗ, ನೋವು ಹುಡುಗನದ್ದು, ಹುಡುಗಿ ಬರೋದು ಕೈಕೊಟ್ಟು ಹೋದವಳಾಗಿ ಮಾತ್ರ. ಅವಳಿಗೆ ಹೆಸರಿಲ್ಲ, ಅವಳ ಕಡೆ ಕಥೆ ಇಲ್ಲ. ಯಾವ ಬ್ಯಾಂಡ್ ಎಮೋ ಅನ್ನೋ ಪಟ್ಟಿ ಎಷ್ಟು ಸರಿಯಾಗಿ ಮಾಡಿದ್ರೂ ಈ ಪ್ರಶ್ನೆಗೆ ಉತ್ತರ ಬರಲ್ಲ. ಒಂದು ಹೆಸರು ಏನನ್ನ ಒಳಗೆ ಬಿಡುತ್ತೆ ಅನ್ನೋದರ ಜೊತೆಗೆ, ಒಳಗಿರೋರು ಯಾರನ್ನ ಹೇಗೆ ನಡೆಸ್ಕೊಳ್ತಾರೆ ಅನ್ನೋದನ್ನೂ ಕೇಳಬೇಕಲ್ವಾ?

2022ರ ಅಕ್ಟೋಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ "ವೆನ್ ವಿ ವರ್ ಯಂಗ್" ಅನ್ನೋ ಸಂಗೀತೋತ್ಸವ ನಡೀತು. ಮೈ ಕೆಮಿಕಲ್ ರೊಮ್ಯಾನ್ಸ್, ಪ್ಯಾರಾಮೋರ್ ಮುಖ್ಯ ಆಕರ್ಷಣೆ. ಒಂದು ಕಾಲಕ್ಕೆ ಎಮೋ ಅಂತ ಅನ್ನಿಸ್ಕೊಂಡು ಸ್ಕೂಲಲ್ಲಿ ಗೇಲಿಗೆ ಸಿಕ್ಕಿದ್ದವರು ಈಗ ನಮ್ಮ ನಿಮ್ಮ ಥರ ಸಂಬಳ ತಗೊಂಡು, ಸಾಲ ಕಟ್ಟಿಕೊಂಡು ಇರೋರು. ಒಂದು ವಾರಾಂತ್ಯಕ್ಕೆ ಮತ್ತೆ ಕಾಡಿಗೆ ಹಚ್ಚಿ, ಕಪ್ಪು ಬಟ್ಟೆ ಹಾಕಿ ಕುಣಿದರು. ಸೋಮವಾರ ಅದನ್ನ ತೊಳೆದು ಕೆಲಸಕ್ಕೆ ಹೋದರು. ಅದರಲ್ಲಿ ವ್ಯಾಪಾರ ಇದೆ, ಹಳೇ ನೆನಪಿನ ಮಾರಾಟ ಇದೆ, ಇರಲಿ ಬಿಡಿ. ಹಚ್ಚಿಕೊಂಡ ಹೆಸರನ್ನ ಸೋಮವಾರ ತೊಳೆದುಕೊಳ್ಳೋ ಅನುಕೂಲ ಅವರಿಗಿತ್ತು. ಹತ್ತು ವರ್ಷ ಮುಂಚೆ ಬಾಗ್ದಾದಿನ ಹುಡುಗರು ಕೂದಲು ಕತ್ತರಿಸಿಕೊಂಡು ಬೀದಿಗೆ ಬಂದರೂ, ಅವರ ಹೆಸರು ಆಗ್ಲೇ ಪಟ್ಟಿಯಲ್ಲಿತ್ತು.